ಮ್ಯಾನ್ಮಾರ್: ಬಾಗಿಲು ಮುಚ್ಚಿದ ಕಚೇರಿ, ಕಪಾಟಿನಲ್ಲೇ ಉಳಿದ ಕಾನೂನು

ಮ್ಯಾನ್ಮಾರ್‌ನಿಂದ ಪತ್ರಕರ್ತರ ಬಂಧನದ ಸುದ್ದಿ ಬಂದಾಗಲೆಲ್ಲ ಓದುಗರಲ್ಲಿ ಗೊಂದಲ ಮೂಡುತ್ತದೆ. ಅಲ್ಲಿ 2012ರಲ್ಲೇ ಸೆನ್ಸಾರ್ ರದ್ದಾಗಿತ್ತಲ್ಲವೇ? ರದ್ದಾಗಿದ್ದು ನಿಜ. ಆದರೆ ರದ್ದಾದದ್ದೇನು, ಉಳಿದದ್ದೇನು ಎಂಬುದನ್ನು ಬಿಡಿಸಿ ನೋಡಬೇಕು.

1962ರಲ್ಲಿ ಸೇನೆ ಅಧಿಕಾರ ಹಿಡಿಯಿತು, ಅದೇ ವರ್ಷ ಮುದ್ರಕರ ಮತ್ತು ಪ್ರಕಾಶಕರ ನೋಂದಣಿ ಕಾನೂನು ಬಂತು, ದಶಕ ಮುಗಿಯುವುದರೊಳಗೆ ಖಾಸಗಿ ದಿನಪತ್ರಿಕೆಗಳು ಇಲ್ಲವಾದವು.

ಆಮೇಲೆ ನಡೆದದ್ದು ಪರಿಶೀಲನಾ ಕಚೇರಿಯ, ಅಂದರೆ ಸರ್ಕಾರದ ಸೆನ್ಸಾರ್ ಕಚೇರಿಯ ಆಳ್ವಿಕೆ. ನಿಯತಕಾಲಿಕೆಗಳನ್ನು ಬಹುಕಾಲ ಅಚ್ಚಾದ ಮೇಲೆ ಪರಿಶೀಲಿಸುತ್ತಿದ್ದರು. ಒಪ್ಪಿಗೆಯಾಗದ ಸಾಲುಗಳ ಮೇಲೆ ಪ್ರಕಾಶಕರೇ ಬೆಳ್ಳಿ ಬಣ್ಣದ ಶಾಯಿ ಬಳಿಯಬೇಕು, ಇಲ್ಲವೇ ಪುಟವನ್ನೇ ಹರಿಯಬೇಕು. ಕಾಗದದ ಖರ್ಚೂ ಅವರದೇ, ನಷ್ಟವೂ ಅವರದೇ. ಹೀಗಾಗಿ ಅಧಿಕಾರಿಯ ಕೆಲಸವನ್ನು ಸಂಪಾದಕ ಮೊದಲೇ ತನ್ನ ಮೇಜಿನಲ್ಲಿ ಮಾಡಿ ಮುಗಿಸುತ್ತಿದ್ದ. ಈ ವ್ಯವಸ್ಥೆಯ ಅತ್ಯಂತ ಕ್ರೂರ ಭಾಗ ಇದೇ: ಹೊಡೆದುಹಾಕಿದ ಸಾಲಿಗೆ ಗುರುತಾದರೂ ಉಳಿಯುತ್ತದೆ, ಬರೆಯದೇ ಬಿಟ್ಟ ಸಾಲಿಗೆ ಅದೂ ಇಲ್ಲ. ಮುಂದೆ ವಾರಪತ್ರಿಕೆಗಳು ಬಂದಾಗ ಕರಡು ಪುಟಗಳನ್ನೇ ಒಪ್ಪಿಸಬೇಕಾಯಿತು. ಸೇನಾ ಆಳ್ವಿಕೆಯ ವಿರುದ್ಧ ನಡೆದ 1988ರ ದಂಗೆಯ ನಂತರ ಪ್ರಜಾಪ್ರಭುತ್ವ ಹೋರಾಟದ ನಾಯಕಿ ಆಂಗ್ ಸಾನ್ ಸೂ ಕಿ ಅವರ ಭಾವಚಿತ್ರ ವರ್ಷಗಟ್ಟಲೆ ಅಚ್ಚಾಗಲಿಲ್ಲ. ಸಂಪಾದಕ ವಿನ್ ಟಿನ್ 1989ರಿಂದ 2008ರವರೆಗೆ ಜೈಲಿನಲ್ಲಿದ್ದರು. ಇಟ್ಟಿಗೆಯ ಪುಡಿ ಕಲಸಿ ಶಾಯಿ ಮಾಡಿಕೊಂಡು ಬರೆದರು. ಬಿಡುಗಡೆಯಾದ ಮೇಲೂ, ಉಳಿದ ರಾಜಕೀಯ ಕೈದಿಗಳು ಒಳಗಿದ್ದಾರೆಂದು ಕೈದಿಗಳ ನೀಲಿ ಅಂಗಿಯನ್ನೇ ತೊಟ್ಟರು.

ಸೆನ್ಸಾರ್ ಇರಬಾರದು ಎಂದು 2011ರಲ್ಲಿ ಆ ಕಚೇರಿಯ ಮುಖ್ಯಸ್ಥರೇ ಹೇಳಿದರು. 2012ರ ಆಗಸ್ಟ್ 20ರಂದು ಪೂರ್ವ ಪರಿಶೀಲನೆ ನಿಂತಿತು, 2013ರ ಏಪ್ರಿಲ್‌ನಲ್ಲಿ ಖಾಸಗಿ ದಿನಪತ್ರಿಕೆಗಳು ಮರಳಿದವು. ಆ ಸಂಭ್ರಮ ಸುಳ್ಳಲ್ಲ. ಆದರೆ ಬ್ರಿಟಿಷರ ಕಾಲದ ದಂಡ ಸಂಹಿತೆಯನ್ನೂ 1923ರ ಅಧಿಕೃತ ರಹಸ್ಯ ಕಾಯ್ದೆಯನ್ನೂ ಯಾರೂ ಕದಲಿಸಲಿಲ್ಲ. ಬರ್ಮಾ ಬ್ರಿಟಿಷ್ ಇಂಡಿಯಾದ ಪ್ರಾಂತ್ಯವಾಗಿದ್ದಾಗ ಬಂದ ಈ ಕಾಯ್ದೆ ನಮ್ಮಲ್ಲೂ ಇಂದಿಗೂ ಜಾರಿಯಲ್ಲಿದೆ. ಚುನಾಯಿತ ಸರ್ಕಾರವಿದ್ದಾಗಲೇ, ರೊಹಿಂಗ್ಯಾಗಳ ಹತ್ಯೆಯನ್ನು ತನಿಖೆ ಮಾಡುತ್ತಿದ್ದ ರಾಯಿಟರ್ಸ್‌ನ ಇಬ್ಬರು ವರದಿಗಾರರಿಗೆ 2018ರಲ್ಲಿ ಇದೇ ಕಾಯ್ದೆಯಡಿ ಏಳು ವರ್ಷ ಶಿಕ್ಷೆಯಾಯಿತು. ಐನೂರಕ್ಕೂ ಹೆಚ್ಚು ದಿನ ಜೈಲಿನಲ್ಲಿದ್ದ ಅವರಿಗೆ ಕ್ಷಮಾದಾನ ಸಿಕ್ಕಿತು. ಕಾಯ್ದೆ ಇದ್ದಲ್ಲೇ ಇತ್ತು.

2021ರ ಫೆಬ್ರವರಿ 1ರಂದು ಸೇನೆ ಮತ್ತೆ ಅಧಿಕಾರಕ್ಕೆ ಬಂದಾಗ ಹಳೆಯ ಕಚೇರಿಯನ್ನು ತೆರೆಯುವ ಅಗತ್ಯವೇ ಬೀಳಲಿಲ್ಲ. ದಂಡ ಸಂಹಿತೆಗೆ 505ಎ ಎಂಬ ಹೊಸ ಕಲಮು ಸೇರಿತು. ಭಯ ಹುಟ್ಟಿಸುವ ಅಥವಾ ಸುಳ್ಳು ಸುದ್ದಿಗೆ ಮೂರು ವರ್ಷದವರೆಗೆ ಶಿಕ್ಷೆ. ಮಾರ್ಚ್‌ನಲ್ಲಿ ಐದು ಸುದ್ದಿಸಂಸ್ಥೆಗಳ ಪರವಾನಗಿ ಹೋಯಿತು. ಅನೇಕ ಪತ್ರಕರ್ತರು ಈಗ ಗಡಿಯಾಚೆ, ಥಾಯ್ಲೆಂಡ್‌ನಿಂದ ವರದಿ ಮಾಡುತ್ತಿದ್ದಾರೆ. ಒಳಗಿನಿಂದ ಅವರಿಗೆ ಸುದ್ದಿ ಕಳುಹಿಸುವವರು ಹೆಸರಿಲ್ಲದೆ ಬರೆಯುತ್ತಾರೆ.