ಮನೆಗೆಂದು ನೆಟ್ಟ ಮರ

ಫೆಬ್ರವರಿ ಕೊನೆಯ ಹೊತ್ತಿಗೆ ಜಪಾನಿನ ಯಾವುದಾದರೂ ಗುಡ್ಡದ ಬುಡದಲ್ಲಿ ನಿಂತು ಸುಗಿ ಅನ್ನುವ ಸೂಜಿಯೆಲೆಯ ಮರದ ಟೊಂಗೆಯೊಂದನ್ನು ಅಲ್ಲಾಡಿಸಿದರೆ ಹೊಗೆ ಏಳುತ್ತದೆ. ಎಲ್ಲೋ ಬೆಂಕಿ ಬಿತ್ತೇನೋ ಅನ್ನಿಸುವಷ್ಟು ದಟ್ಟವಾದ ಹಳದಿ ಹೊಗೆ. ಟೊಂಗೆಯ ತುದಿಯಲ್ಲಿ ಭತ್ತದ ಕಾಳಿನ ಗಾತ್ರದ ಗಂಡು ಹೂಗಳು ಗೊಂಚಲುಗಟ್ಟಿರುತ್ತವೆ. ಒಂದೊಂದರೊಳಗೂ ಲಕ್ಷಗಟ್ಟಲೆ ಪರಾಗದ ಕಣ. ಗಾಳಿ ಎದ್ದರೆ ಅವು ಹತ್ತಾರು ಕಿಲೋಮೀಟರ್ ಹಾರಿ ಟೋಕಿಯೊ ಸೇರುತ್ತವೆ. ಬೆಳಿಗ್ಗೆ ನೋಡಿದರೆ ಕಾರಿನ ಗಾಜಿನ ಮೇಲೆ ಅರಿಶಿನ ಉದುರಿಸಿದ ಹಾಗೆ. ಮಳೆ ಬಂದು ಹೋದ ಮೇಲೆ ನಿಂತ ನೀರಿನ ಅಂಚಿಗೂ ಹಳದಿ ಗೆರೆ.

ಊರಿಗೆ ಊರೇ ಮಾಸ್ಕ್ ಹಾಕಿಕೊಂಡು ಸೀನುವುದು ಈ ಕಾಲದಲ್ಲೇ. ಕಿವಿ-ಮೂಗು-ಗಂಟಲು ವೈದ್ಯರು ಮತ್ತು ಅವರ ಮನೆಯವರನ್ನು ಕೇಳಿ ನಡೆಸಿದ ದೇಶವ್ಯಾಪಿ ಸಮೀಕ್ಷೆಯಲ್ಲಿ, 1998ರಲ್ಲಿ ಶೇ. 16ರಷ್ಟು ಮಂದಿಗೆ ಸುಗಿ ಪರಾಗದ ಅಲರ್ಜಿ ಇತ್ತು. 2019ರಲ್ಲಿ ಅದು ಶೇ. 39ರ ಹತ್ತಿರ ಬಂತು. ಸುಗಿ ಹೊರಗಿನಿಂದ ತಂದ ಮರವೇನೂ ಅಲ್ಲ. ಯಾಕುಶಿಮಾ ದ್ವೀಪದಲ್ಲಿ ಸಾವಿರಾರು ವರ್ಷದ ಸುಗಿಗಳು ಇನ್ನೂ ನಿಂತಿವೆ. ಹಾಗಿದ್ದರೆ ಈ ಹೊಸ ಕಾಟ ಎಲ್ಲಿಂದ ಬಂತು?

1945ಕ್ಕೆ ಹೋಗೋಣ. ಬಾಂಬ್ ದಾಳಿಯಲ್ಲಿ ಮರದ ಮನೆಗಳ ಊರುಗಳು ಬೂದಿಯಾಗಿದ್ದವು. ಯುದ್ಧ ಮುಗಿದಾಗ ಜಪಾನಿಗೆ ಕೊರತೆ ಬಿದ್ದ ಮನೆಗಳು ಸುಮಾರು 42 ಲಕ್ಷ. ಮನೆ ಕಟ್ಟಲು ಮರ ಬೇಕು, ಆದರೆ ಯುದ್ಧಕಾಲದ ಕಡಿತದಿಂದ ಗುಡ್ಡಗಳು ಬೋಳಾಗಿದ್ದವು. ವಿಮಾನಕ್ಕೆ ಇಂಧನ ಮಾಡುತ್ತೇವೆಂದು ಪೈನ್ ಮರದ ಬೇರನ್ನೂ ಅಗೆದು ಕುದಿಸಿದ್ದರು. 1947ರ ಸೆಪ್ಟೆಂಬರಿನಲ್ಲಿ ಕ್ಯಾಥ್ಲೀನ್ ಚಂಡಮಾರುತ ಬಂದಾಗ ತೋನೆ ನದಿಯ ಒಡ್ಡು ಒಡೆಯಿತು. ಆ ಚಂಡಮಾರುತಕ್ಕೆ ಸತ್ತವರು, ಕಾಣೆಯಾದವರು ಸಾವಿರಕ್ಕೂ ಮೇಲೆ. ಬೋಳು ಗುಡ್ಡಕ್ಕೆ ಮರ ನೆಡಬೇಕು ಅನ್ನುವುದರಲ್ಲಿ ಆಗ ಎರಡು ಮಾತೇ ಇರಲಿಲ್ಲ. 1950ರಿಂದ ಚಕ್ರವರ್ತಿಯೇ ಸಸಿ ನೆಡುವ ವಾರ್ಷಿಕ ಉತ್ಸವ ಶುರುವಾಯಿತು. ಸುಗಿ ನೆಟ್ಟಗೆ, ಬೇಗ ಬೆಳೆಯುತ್ತದೆ, ಸಲೀಸಾಗಿ ಸೀಳುತ್ತದೆ. ಆಯ್ಕೆಗೆ ಹೆಚ್ಚು ತಲೆಕೆಡಿಸಿಕೊಳ್ಳುವ ಅಗತ್ಯವಿರಲಿಲ್ಲ.

ಇಲ್ಲಿಗೆ ನಿಂತಿದ್ದರೆ ಅದು ಗಾಯಕ್ಕೆ ಹಚ್ಚಿದ ಮದ್ದಾಗುತ್ತಿತ್ತು. 1950ರ ದಶಕ ಮುಗಿಯುವ ಹೊತ್ತಿಗೆ ಸರ್ಕಾರದ ಕಣ್ಣು ಬೋಳಾಗದ ಗುಡ್ಡಗಳ ಮೇಲೂ ಬಿತ್ತು. ಜಪಾನಿನ ಹಳ್ಳಿಯ ಹಿಂದೆ ಸಾತೊಯಾಮಾ ಅನ್ನುವ ಕಾಡು ಇರುತ್ತದೆ. ಮಲೆನಾಡಿನವರಿಗೆ ಇದನ್ನು ವಿವರಿಸಬೇಕಿಲ್ಲ, ನಮ್ಮ ಸೊಪ್ಪಿನಬೆಟ್ಟದ ದಾಯಾದಿ ಅದು. ಸೊಪ್ಪು, ದರಗು, ಸೌದೆ, ಇದ್ದಿಲು ಎಲ್ಲ ಅಲ್ಲಿಂದಲೇ. ರಾಸಾಯನಿಕ ಗೊಬ್ಬರ ಬಂತು, ಸೀಮೆಎಣ್ಣೆ ಬಂತು, ಗ್ಯಾಸ್ ಬಂತು. ಓಕ್, ಬೀಚ್ ಮರಗಳ ಆ ಮಿಶ್ರ ಕಾಡು ಲೆಕ್ಕದ ಪುಸ್ತಕದಲ್ಲಿ ಪ್ರಯೋಜನವಿಲ್ಲದ ಜಾಗವಾಯಿತು. ಕಡಿದು ಸುಗಿ ನೆಡುವವರಿಗೆ ಸಹಾಯಧನ ಸಿಕ್ಕಿತು. ಇವತ್ತು ಇಡೀ ಜಪಾನಿನಲ್ಲಿ ಸುಗಿ ನೆಡುತೋಪುಗಳ ಹರವು ಸುಮಾರು 44 ಲಕ್ಷ ಹೆಕ್ಟೇರ್, ಕರ್ನಾಟಕದ ಕಾಲುಭಾಗಕ್ಕೆ ಸ್ವಲ್ಪ ಕಡಿಮೆ.

ನನಗೆ ವಿಚಿತ್ರ ಅನ್ನಿಸುವುದು ಮುಂದಿನದು. ಗುಡ್ಡದಲ್ಲಿ ಒಂದು ಕೈ ಮನೆಗಾಗಿ ಮರ ನೆಡುತ್ತಿದ್ದರೆ, ಪೇಟೆಯಲ್ಲಿ ಇನ್ನೊಂದು ಕೈ ಮರದ ಮನೆಯೇ ಬೇಡ ಅನ್ನುತ್ತಿತ್ತು. 1955ರಲ್ಲಿ ಹುಟ್ಟಿದ ವಸತಿ ನಿಗಮ ಸಾಲುಸಾಲಾಗಿ ಕಾಂಕ್ರೀಟ್ ವಠಾರಗಳನ್ನು ಎಬ್ಬಿಸಿತು. 1959ರಲ್ಲಿ ಇಸೆ ಕೊಲ್ಲಿಯ ಚಂಡಮಾರುತಕ್ಕೆ ಐದು ಸಾವಿರ ಜನ ಬಲಿಯಾದ ಮೇಲೆ, ವಾಸ್ತುಶಿಲ್ಪಿಗಳ ಸಂಘವೇ ಮರದ ಕಟ್ಟಡ ನಿಷೇಧಿಸಬೇಕೆಂದು ನಿರ್ಣಯ ಮಾಡಿತು. ಆದರೂ ಒಂಟಿ ಮನೆಗಳನ್ನು ಜನ ಮರದಲ್ಲೇ ಕಟ್ಟಿಕೊಂಡರು. ಅದಕ್ಕೆ ಮರ ಎಲ್ಲಿತ್ತು? ನೆಟ್ಟಿದ್ದು ಇನ್ನೂ ಆಳುದ್ದದ ಸಸಿ. 1964ರಲ್ಲಿ ಮರದ ಆಮದಿಗೆ ಬಾಗಿಲು ಪೂರ್ತಿ ತೆರೆಯಿತು. ಉತ್ತರ ಅಮೆರಿಕದಿಂದ, ಫಿಲಿಪ್ಪೀನ್ಸ್‌ನಿಂದ, ಬೋರ್ನಿಯೊದಿಂದ ದಿಮ್ಮಿ ಹಡಗಿನಲ್ಲಿ ಬಂತು. ಸುಗಿ ಕೊಯ್ಲಿಗೆ ಬರುವಷ್ಟರಲ್ಲಿ ಅದನ್ನು ಕಡಿದು ಕಡಿದಾದ ಗುಡ್ಡದಿಂದ ಇಳಿಸುವ ಕೂಲಿಯೂ ಗಿಟ್ಟದ ಹಾಗಾಗಿತ್ತು. 1955ರಲ್ಲಿ ಶೇ. 90ಕ್ಕಿಂತ ಹೆಚ್ಚು ಮರ ದೇಶದೊಳಗಿನದೇ ಆಗಿತ್ತು. 2002ರ ಹೊತ್ತಿಗೆ ಅದು ಶೇ. 20ಕ್ಕೂ ಕೆಳಗಿಳಿದಿತ್ತು. ಒತ್ತಾಗಿ ನೆಟ್ಟ ಸುಗಿಯ ನಡುವೆ ಆಗಾಗ ಮರ ತೆಗೆದು ಬೆಳಕು ಬಿಡಬೇಕು. ತೆಗೆಯುವವರೇ ಇಲ್ಲವಾಗಿ, ಹಗಲಲ್ಲೂ ಕತ್ತಲೆಯ, ನೆಲದಲ್ಲಿ ಹುಲ್ಲುಕಡ್ಡಿ ಏಳದ ತೋಪುಗಳು ಉಳಿದವು.

ಕಡಿಯದ ಮರ ಸುಮ್ಮನೆ ನಿಲ್ಲುವುದಿಲ್ಲವಲ್ಲ. ಸುಗಿ ಧಾರಾಳವಾಗಿ ಹೂ ಬಿಡುವುದು 25-30 ವರ್ಷ ದಾಟಿದ ಮೇಲೆ. ಒಂದೇ ಕಾಲಕ್ಕೆ ನೆಟ್ಟ ಮರಗಳು ಒಂದೇ ಕಾಲಕ್ಕೆ ವಯಸ್ಸಿಗೆ ಬಂದವು. ಈ ಅಲರ್ಜಿಯ ಮೊದಲ ವರದಿ ಬಂದದ್ದು 1964ರಲ್ಲಿ, ನಿಕ್ಕೊ ಪಟ್ಟಣದ ರೋಗಿಗಳನ್ನು ನೋಡಿ. ತಮಾಷೆಯೆಂದರೆ ಅಲ್ಲಿದ್ದದ್ದು 17ನೇ ಶತಮಾನದ ಸಾಲುಮರಗಳು. ನಿಕ್ಕೊದ ಕಾಯಿಲೆ ದೇಶದ ಕಾಯಿಲೆಯಾದದ್ದು ಯುದ್ಧಾನಂತರದ ತೋಪುಗಳು ಹೂ ಬಿಟ್ಟ ಮೇಲೆ. ಹಿಂದಿನ ವರ್ಷದ ಬೇಸಿಗೆ ಬಿಸಿಲು ಚೆನ್ನಾಗಿದ್ದಷ್ಟೂ ಗಂಡು ಹೂ ಹೆಚ್ಚು, ಹಾಗಾಗಿ ಬರುವ ವಸಂತದ ಸೀನು ಎಷ್ಟೆಂದು ಬೇಸಿಗೆಯಲ್ಲೇ ಅಂದಾಜು ಮಾಡಬಹುದು.

ಪೇಟೆಯೂ ತನ್ನ ಪಾಲು ಸೇರಿಸಿತು. ಮಣ್ಣಿಗೆ, ಹುಲ್ಲಿಗೆ ಬಿದ್ದ ಪರಾಗ ಅಲ್ಲೇ ಅಂಟಿ ಕೊಳೆಯುತ್ತದೆ. ಡಾಂಬರು, ಕಾಂಕ್ರೀಟಿನ ಮೇಲೆ ಬಿದ್ದದ್ದು ಒಣಗಿಯೇ ಇದ್ದು, ಬಸ್ಸೊಂದು ಹಾದುಹೋದರೆ ಮತ್ತೆ ಗಾಳಿಗೇಳುತ್ತದೆ.

ನಮ್ಮ ಮಲೆನಾಡಿನ ಅಕೇಶಿಯ ತೋಪುಗಳನ್ನು ಕಂಡವರಿಗೆ ಇದೆಲ್ಲ ಅಪರಿಚಿತ ಅನ್ನಿಸಲಾರದು. ಅಲ್ಲೂ ಹಸಿರಿನ ಹೆಸರಿನಲ್ಲೇ ಒಂದೇ ಜಾತಿಯ ಮರ ಸಾಲಾಗಿ ಬಂತು.

2023ರಲ್ಲಿ ಜಪಾನ್ ಸರ್ಕಾರ ಹತ್ತು ವರ್ಷದಲ್ಲಿ ಸುಗಿ ತೋಪನ್ನು ಶೇ. 20ರಷ್ಟು ಇಳಿಸುವುದಾಗಿಯೂ, ಮೂವತ್ತು ವರ್ಷದಲ್ಲಿ ಪರಾಗವನ್ನು ಅರ್ಧಕ್ಕೆ ತರುವುದಾಗಿಯೂ ಗುರಿ ಹಾಕಿಕೊಂಡಿತು. ಕಡಿದ ಕಡೆ ನೆಡುವುದಕ್ಕೆ ಪರಾಗ ಕಡಿಮೆ ಇರುವ ಸಸಿಗಳು ತಯಾರಾಗುತ್ತಿವೆ. 1992ರಲ್ಲಿ ತೊಯಾಮಾದಲ್ಲಿ ಪರಾಗವನ್ನೇ ಬಿಡದ ಸುಗಿ ಮರವೊಂದು ಸಿಕ್ಕಿತು. ಈಗ ಅದರ ಸಂತತಿಯ ಸಸಿಗಳನ್ನೂ ನೆಡುತ್ತಿದ್ದಾರೆ. ಅವು ತೊಲೆಯಾಗುವಷ್ಟು ಬಲಿಯಲು ಇನ್ನೂ ಐವತ್ತು ವರ್ಷ ಬೇಕು.