ಕೈಗೆ ಕೊಡಿ, ಪ್ರಶ್ನೆ ಕೇಳಬೇಡಿ

ಡಿಮೆನ್ಷಿಯಾ (ಮರೆವಿನ ಕಾಯಿಲೆ) ಇರುವ ಅಪ್ಪ ಅಮ್ಮನನ್ನು ನನ್ನ ಹತ್ತಿರ ಕರೆತರುವವರು ಸಾಮಾನ್ಯವಾಗಿ ಒಂದು ಚೀಲವನ್ನೂ ತರುತ್ತಾರೆ. ಆನ್‌ಲೈನ್‌ನಲ್ಲಿ ತರಿಸಿದ ಸ್ಪಂಜಿನ ಚೆಂಡು, ಮುಳ್ಳುಮುಳ್ಳಾದ ರಬ್ಬರ್ ಬಳೆ, ಬಣ್ಣದ ಮಣಿ. "ಎಲ್ಲಾ ತರಿಸಿದ್ವಿ ಮೇಡಂ, ಅಮ್ಮ ಮುಟ್ಟೋದೇ ಇಲ್ಲ." ಮನೆಯಲ್ಲಿ ಹೇಗೆ ಕೊಡ್ತೀರಿ, ಒಮ್ಮೆ ತೋರಿಸಿ ಅಂತೀನಿ. ಮಗಳು ಚೆಂಡನ್ನು ಅಮ್ಮನ ಕೈಗಿಟ್ಟು ಶುರು ಮಾಡುತ್ತಾಳೆ: "ಅಮ್ಮಾ, ಇದೇನು ಹೇಳು? ಮೆತ್ತಗಿದ್ಯಾ, ಗಟ್ಟಿ ಇದ್ಯಾ? ಯಾವ ಬಣ್ಣ? ಅಯ್ಯೋ ಅದಲ್ಲಮ್ಮಾ, ಸರಿಯಾಗಿ ನೋಡು." ಅಮ್ಮ ಚೆಂಡನ್ನು ಮೇಜಿನ ಮೇಲಿಟ್ಟು ಕೈಯನ್ನು ಮಡಿಲಿಗೆ ಎಳೆದುಕೊಳ್ಳುತ್ತಾರೆ.

ದಿನನಿತ್ಯದ ಕೆಲಸ ಮಾಡಿಕೊಳ್ಳಲು ನೆರವಾಗುವ ಆಕ್ಯುಪೇಶನಲ್ ಥೆರಪಿಸ್ಟ್ ಆಗಿ ನನಗೆ ಅತಿ ಹೆಚ್ಚು ಬೇಸರ ತರಿಸುವುದು ಇದೇ. ಕೈಗೆ ವಸ್ತು ಕೊಡುವುದು ಆ ಕೈಗೆ ಒಂದಿಷ್ಟು ಕೆಲಸ, ಮನಸ್ಸಿಗೆ ಒಂದಿಷ್ಟು ನೆಮ್ಮದಿ ಸಿಗಲಿ ಅಂತ. ನಾವು ಅದನ್ನು ಪರೀಕ್ಷೆ ಮಾಡಿಬಿಡುತ್ತೇವೆ.

ಡಿಮೆನ್ಷಿಯಾದ ಮುಖ್ಯ ಬಗೆಯಾದ ಆಲ್‌ಝೈಮರ್ಸ್‌ನಲ್ಲಿ ಸಾಮಾನ್ಯವಾಗಿ ಮೊದಲು ಪೆಟ್ಟು ಬೀಳುವುದು ಹೊಸ ನೆನಪು ಕಟ್ಟುವ ಹಿಪೋಕ್ಯಾಂಪಸ್ ಭಾಗಕ್ಕೆ. ವಸ್ತುವಿನ ಹೆಸರು ಹುಡುಕುವುದೂ ಬೇಗ ಕಷ್ಟವಾಗುತ್ತದೆ. ಆದರೆ ಕೈಗೆ ರೂಢಿಯಾದ ಕೆಲಸದ ನೆನಪು ಮೆದುಳಿನ ಬೇರೆ ಜಾಗಗಳಲ್ಲಿದೆ. ಅದು ಜಾಸ್ತಿ ದಿನ ಉಳಿಯುತ್ತದೆ. ಸ್ಪರ್ಶ ಗ್ರಹಿಸುವ ಭಾಗವೂ ಸುಮಾರು ಕೊನೆಯವರೆಗೆ ಗಟ್ಟಿಯಾಗಿರುತ್ತದೆ. ಅಂದರೆ "ಇದೇನು?" ಎಂದು ಕೇಳಿದಾಗ ಅವರಿಗೆ ಆಗದ ಕೆಲಸವನ್ನೇ ಕೇಳಿದ ಹಾಗಾಯಿತು. ಸುಮ್ನೆ ಕೈಗೆ ಕೊಟ್ಟಿದ್ದರೆ ಇನ್ನೂ ಆಗುವ ಕೆಲಸ ಕೊಟ್ಟ ಹಾಗಾಗುತ್ತಿತ್ತು. ಪಾರ್ಕಿನ್ಸನ್ಸ್ (ಕೈ ನಡುಗುವ, ಚಲನೆ ನಿಧಾನವಾಗುವ ಕಾಯಿಲೆ) ಜೊತೆ ಬರುವ ಡಿಮೆನ್ಷಿಯಾ, ಅದನ್ನೇ ಹೋಲುವ ಲೂಯಿ ಬಾಡಿ ಡಿಮೆನ್ಷಿಯಾಗಳಲ್ಲಿ ಕೈಯ ಚಲನೆಯೇ ಕಷ್ಟವಾಗಬಹುದು. ಹಾಗಾಗಿ ಎಲ್ಲರಿಗೂ ಒಂದೇ ಲೆಕ್ಕ ಹಾಕಬೇಡಿ.

ಪ್ರಶ್ನೆ ಬಿಟ್ಟೆವು ಅನ್ನುವವರ ಮನೆಯಲ್ಲೂ ಪರೀಕ್ಷೆ ಬೇರೆ ವೇಷದಲ್ಲಿ ನಡೆಯುತ್ತಲೇ ಇರುತ್ತದೆ. "ನಿನ್ನೆ ಚೆನ್ನಾಗಿ ಮಾಡಿದ್ರಲ್ಲ, ಮರೆತುಹೋಯ್ತಾ?" ಅನ್ನುವುದು ಪರೀಕ್ಷೆ. ಅವರು ಆರಿಸಿಟ್ಟ ಅಕ್ಕಿಯನ್ನು ಅವರ ಕಣ್ಣೆದುರೇ ಮತ್ತೆ ಆರಿಸುವುದು ಪರೀಕ್ಷೆ. ಮಡಚಿದ ಪಂಚೆಯನ್ನು ಬಿಚ್ಚಿ ಮಡಚುವುದೂ ಅಷ್ಟೇ. ಮೊಬೈಲ್ ಹಿಡಿದು ವಿಡಿಯೊ ಮಾಡುತ್ತಾ ಎದುರು ನಿಲ್ಲುವುದು, ಎಂಬತ್ತು ದಾಟಿದವರಿಗೆ ಚಪ್ಪಾಳೆ ತಟ್ಟಿ "ವೆರಿ ಗುಡ್ ಅಜ್ಜೀ" ಅನ್ನುವುದು ಕೂಡ ಪರೀಕ್ಷೆಯೇ. ಮಾತು ಕಡಿಮೆಯಾದವರಿಗೂ ಎದುರಿನವರ ದನಿ, ಮುಖಭಾವ ತಿಳಿಯುತ್ತದೆ. "ತುಂಬಾ ಸಹಾಯ ಆಯ್ತಮ್ಮ" ಅಂದರೆ ಸಾಕಲ್ವಾ?

ಒಬ್ಬರ ಮನೆಯಲ್ಲಿ ತೊಗರಿಬೇಳೆ, ಕಡಲೆಬೇಳೆ, ಹೆಸರುಬೇಳೆಯನ್ನು ಬೇಕೆಂದೇ ಬೆರೆಸಿ ಅಜ್ಜಿಯ ಮುಂದೆ ಇಟ್ಟಿದ್ದರು. ಬೇರೆ ಮಾಡಲಿ, ಬೆರಳಿಗೆ ವ್ಯಾಯಾಮ ಆಗುತ್ತದೆ ಅಂತ. ಅಜ್ಜಿ ತಟ್ಟೆ ನೋಡಿ ಕೆಂಡವಾದರು. "ಯಾವ ಬುದ್ಧಿಗೇಡಿ ಬೆರೆಸಿದ್ದು ಇದನ್ನ?" ಕಾಯಿಲೆಯಿಂದ ಸಿಟ್ಟು ಜಾಸ್ತಿಯಾಗಿದೆ ಎಂದು ಮನೆಯವರು ನನಗೆ ಹೇಳಿದರು. ನನ್ನ ಪ್ರಕಾರ ಅಜ್ಜಿಯದೇ ಸರಿ. ಜೀವನವಿಡೀ ಅಡುಗೆಮನೆ ನಡೆಸಿದ ಹೆಂಗಸು, ಅಷ್ಟು ಬೇಳೆ ಹಾಳಾದದ್ದನ್ನು ನೋಡಿ ಸುಮ್ಮನಿರುತ್ತಾರೆಯೇ? ಅದು ಅವರೆಕಾಯಿ ಕಾಲ. ನೆನೆಸಿದ ಕಾಳನ್ನು ಸೊಸೆ ಒಂದು ಬಟ್ಟಲಲ್ಲಿ ತಂದು, ಏನೂ ಕೇಳದೆ, ಪಕ್ಕದಲ್ಲಿ ಕೂತು ತಾನೇ ಹಿತುಕತೊಡಗಿದಳು. ಅಜ್ಜಿಯ ಕೈ ತಾನಾಗಿ ಬಟ್ಟಲಿಗೆ ಹೋಯಿತು. ಹೆಬ್ಬೆರಳು ತೋರುಬೆರಳ ನಡುವೆ ಒಂದು ಕಾಳು, ಒಂದು ಒತ್ತು, ಬೇಳೆ ಪುಳಕ್ಕನೆ ಆಚೆ, ಸಿಪ್ಪೆ ಈಚೆ. ಸೊಸೆಗಿಂತ ಅವರದೇ ವೇಗ. ಆ ಬೇಳೆಯ ಹುಳಿ ಮಧ್ಯಾಹ್ನದ ಊಟಕ್ಕೆ ಬಂತು. ಕೆಲಸ ನಿಜವಾದದ್ದಾಗಿರಬೇಕು ಎಂದು ನಾನು ಹೇಳುವುದು ಇದಕ್ಕೇ.

1990ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಕ್ಯಾಮರಾನ್ ಕ್ಯಾಂಪ್, ಮಕ್ಕಳು ವಸ್ತುಗಳನ್ನು ಮುಟ್ಟಿ ಮಾಡಿ ಕಲಿಯುವ ಮಾಂಟೆಸರಿ ಪದ್ಧತಿಯನ್ನು ಡಿಮೆನ್ಷಿಯಾ ಇರುವವರಿಗೆ ಹೊಂದಿಸಿದರು. ಹೆಸರು ಕೇಳಿ ಕೆಲವರು ಮಕ್ಕಳ ಆಟಿಕೆ ಕೊಳ್ಳಲು ಓಡುತ್ತಾರೆ. ಅದರ ಸಾರ ಬೇರೆಯೇ: ಏನು ಮಾಡಬೇಕೆಂದು ವಸ್ತುವೇ ಸೂಚಿಸಬೇಕು, ಸೋಲುವ ಅವಕಾಶವೇ ಇರಬಾರದು.

ಪ್ರಶ್ನೆಯೇ ಕೂಡದು ಅಂತಲ್ಲ. ತಪ್ಪು ಉತ್ತರ ಇರಲಾರದ ಪ್ರಶ್ನೆ ಕೇಳಬಹುದು. ಬಟ್ಟೆ ಅಂಗಡಿ ಇಟ್ಟಿದ್ದ ಒಬ್ಬ ಯಜಮಾನರ ಕೈಗೆ ಒಂದು ಪಂಚೆ ಕೊಟ್ಟಿದ್ದೆ. ಅಂಚನ್ನು ಬೆರಳಲ್ಲಿ ಉಜ್ಜಿದರು, ಬೆಳಕಿಗೆ ಹಿಡಿದರು. ಮಗ "ಮೀಟರ್‌ಗೆ ಎಷ್ಟು ಹೇಳಿ ಅಪ್ಪಾ?" ಎಂದದ್ದೇ ತಡ, ಮುಖ ಬಾಡಿತು. ಆಮೇಲೆ ನಾನು "ಇದನ್ನ ಕೊಳ್ಳಬಹುದಾ ಸಾರ್?" ಎಂದೆ. "ನೀರಿಗೆ ಹಾಕಿ ನೋಡಿ ಮೊದಲು" ಎಂದರು. ಎಷ್ಟು ಚೆಂದದ ಉತ್ತರ!

ಸಂಜೆಯಾದರೆ ಸೆರಗು, ಗುಂಡಿ, ಹೊದಿಕೆಯನ್ನು ಎಳೆಯುತ್ತಾ ಚಡಪಡಿಸುವವರಿಗೆ ಬ್ರಿಟನ್‌ನ ಆಸ್ಪತ್ರೆಗಳಲ್ಲಿ ಗುಂಡಿ, ರಿಬ್ಬನ್ ಹೊಲಿದ, ಎರಡೂ ಕೈ ಒಳಗೆ ತೂರಿಸುವಂಥ ಉಣ್ಣೆಯ ಗವಸು ಕೊಡುವ ರೂಢಿ ಇದೆ. ನಮ್ಮ ಸೆಕೆಗೆ ಉಣ್ಣೆ ಬೇಡ. ಉತ್ತರ ಕರ್ನಾಟಕದ ಮನೆಗಳಲ್ಲಿ ಕೌದಿ ಇದೆಯಲ್ಲ! ಹಳೇ ಸೀರೆ, ಪಂಚೆಯ ತುಂಡು, ಸಾಲು ಸಾಲು ಹೊಲಿಗೆ. ಇಳಕಲ್ ಸೀರೆಯ ಹತ್ತಿ ಒಡಲಿನ ತುಂಡು, ರೇಷ್ಮೆ ಸೆರಗಿನ ತುಂಡು ಪಕ್ಕಪಕ್ಕ ಇದ್ದರೆ ಬೆರಳು ಅಲ್ಲೇ ಓಡಾಡುತ್ತದೆ. ಗುಂಡಿ ಹೊಲಿದರೆ ಮಾತ್ರ ಕಿತ್ತು ಬರದಂತೆ ಹೊಲಿಯಿರಿ.

ಬೆಳಕು ಚೆನ್ನಾಗಿರಲಿ. ಬಿಳಿ ಅಕ್ಕಿಯನ್ನು ಹೊಳೆಯುವ ಸ್ಟೀಲ್ ತಟ್ಟೆಯಲ್ಲಿ ಇಡಬೇಡಿ, ಕಾಣುವುದಿಲ್ಲ. ಮೊರ ಅಥವಾ ಗಾಢ ಬಣ್ಣದ ಬಟ್ಟೆ ಒಳ್ಳೆಯದು. ಎಷ್ಟೋ ಜನರಿಗೆ ಕೆಲಸ ಬರುತ್ತದೆ, ಶುರು ಮಾಡಲು ಆಗುವುದಿಲ್ಲ. ನಿಮ್ಮ ಕೈ ಅವರ ಕೈಯಡಿ ಇಟ್ಟು ಮೊದಲ ಬತ್ತಿ ಒಟ್ಟಿಗೆ ಹೊಸೆಯಿರಿ. ಹದಿನೈದು ನಿಮಿಷ ಧಾರಾಳ. ಕೈ ಹಿಂದೆ ತೆಗೆದರೆ ಎತ್ತಿಡಿ.

ಇದರಿಂದ ಕಾಯಿಲೆ ವಾಸಿಯಾಗುವುದಿಲ್ಲ, ಹೋದ ನೆನಪು ಬರುವುದಿಲ್ಲ. ಕೆಲವರಿಗೆ ಚಡಪಡಿಕೆ ಕಡಿಮೆಯಾಗುತ್ತದೆ, ಕೆಲವರಿಗೆ ಏನೂ ಆಗದಿರಬಹುದು. ವಸ್ತುವನ್ನು ಬಾಯಿಗೆ ಹಾಕುವ ಹಂತದಲ್ಲಿರುವವರಿಗೆ ಕಾಳು, ಮಣಿ ಬೇಡವೇ ಬೇಡ. ಪಂಚೆ, ಟವೆಲ್ ಮಡಚಲು ಕೊಡಿ. ಗುಂಡಿ ಬ್ಯಾಟರಿ, ಅಯಸ್ಕಾಂತ ಇರುವ ಆಟಿಕೆ ಮನೆಯೊಳಗೇ ಬರಬಾರದು. ಸಕ್ಕರೆ ಕಾಯಿಲೆಯಿಂದ ಕೈ ಜೋಮು ಹಿಡಿದವರಿಗೆ ಬಿಸಿ ಸರಿಯಾಗಿ ಗೊತ್ತಾಗದಿರಬಹುದು, ನೀರಿನ ಕೆಲಸ ಕೊಡುವುದಾದರೆ ನೀರನ್ನು ನೀವೇ ಮೊದಲು ಮುಟ್ಟಿ ನೋಡಿ. ಮತ್ತೆ, ಮೊನ್ನೆವರೆಗೆ ಹೂ ಕಟ್ಟುತ್ತಿದ್ದವರು ಎರಡೇ ದಿನದಲ್ಲಿ ಮಂಕಾದರೆ ವಯಸ್ಸಾಯ್ತು ಎಂದು ಬಿಡಬೇಡಿ. ಮೂತ್ರದ ಸೋಂಕೋ, ಹೊಸ ಮಾತ್ರೆಯೋ ಇರಬಹುದು. ಅವತ್ತೇ ಡಾಕ್ಟರಿಗೆ ತೋರಿಸಿ.