ಕೇಬಲ್ ದಡ ಹತ್ತುವ ಜಾಗ: ಪೋರ್ತ್‌ಕರ್ನೋದಿಂದ ವರ್ಸೋವಾವರೆಗೆ

ಮುಂಬೈನ ವರ್ಸೋವಾ ಕೋಳಿ ಎಂಬ ಸಮುದಾಯದ ಮೀನುಗಾರರ ಹಳೆಯ ಊರು. ಒಣಮೀನಿನ ವಾಸನೆ, ದಡಕ್ಕೆ ಎಳೆದಿಟ್ಟ ದೋಣಿಗಳು, ಸಂಜೆಯಾದರೆ ಗಾಳಿ ಸೇವನೆಗೆ ಬರುವ ಜನ. ಇದೇ ಆಸುಪಾಸಿನ ಸುಮಾರು 6 ಕಿಲೋಮೀಟರ್ ಉದ್ದದ ಮರಳಿನಡಿಯಲ್ಲಿ ದೇಶದ ಇಂಟರ್‌ನೆಟ್ಟಿನ ದೊಡ್ಡ ಪಾಲು ಒಳಗೆ ಬಂದು ಹೊರಗೆ ಹೋಗುತ್ತದೆ. 2022ರ ಕೊನೆಯ ಹೊತ್ತಿಗೆ ಭಾರತಕ್ಕೆ ಕಡಲಡಿಯ 17 ಅಂತರರಾಷ್ಟ್ರೀಯ ಕೇಬಲ್‌ಗಳು ಬರುತ್ತಿದ್ದವು, ಅವು ದಡಕ್ಕೆ ಬಂದು ಸೇರುವ ನಿಲ್ದಾಣಗಳು, ಅಂದರೆ ಲ್ಯಾಂಡಿಂಗ್ ಸ್ಟೇಷನ್‌ಗಳು, 14 ಇದ್ದವು ಎಂಬುದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಕೊಟ್ಟ ಲೆಕ್ಕ. ಆ 17ರಲ್ಲಿ ಹೆಚ್ಚಿನ ಕೇಬಲ್‌ಗಳು ದಡ ಹತ್ತುತ್ತಿದ್ದುದು ವರ್ಸೋವಾದ ಆಸುಪಾಸಿನಲ್ಲೇ. ಮುಂಬೈ ಬಿಟ್ಟರೆ ಚೆನ್ನೈ, ಕೊಚ್ಚಿ, ತೂತ್ತುಕುಡಿ, ತಿರುವನಂತಪುರ. ಊರುಗಳ ಪಟ್ಟಿ ಅಲ್ಲಿಗೇ ಮುಗಿಯುತ್ತಿತ್ತು. ಸಾವಿರಾರು ಕಿಲೋಮೀಟರ್ ಕರಾವಳಿಯ ದೇಶಕ್ಕೆ ಐದೇ ಬಾಗಿಲು, ಅದರಲ್ಲೂ ಒಂದರಲ್ಲೇ ನೂಕುನುಗ್ಗಲು.

ಇದು ಹೇಗಾಯಿತೆಂದು ತಿಳಿಯಬೇಕಾದರೆ ನೂರೈವತ್ತು ವರ್ಷ ಹಿಂದಕ್ಕೆ ಹೋಗಬೇಕು. ಕಡಲ ಕೇಬಲ್‌ಗಳ ಕಥೆ ಹೇಳುವವರೆಲ್ಲ ಸಾಗರದ ಆಳವನ್ನೇ ವರ್ಣಿಸುತ್ತಾರೆ. ನನಗೆ ಅದು ಅಷ್ಟು ಮುಖ್ಯವೆನಿಸುವುದಿಲ್ಲ. ನಾಲ್ಕು ಸಾವಿರ ಮೀಟರ್ ಆಳದಲ್ಲಿ ಕೇಬಲ್ ತನ್ನ ಪಾಡಿಗೆ ತಾನು ನೆಮ್ಮದಿಯಾಗಿ ಮಲಗಿರುತ್ತದೆ. ತಂಟೆ ತಕರಾರು, ದುಡ್ಡು, ರಾಜಕೀಯ ಎಲ್ಲವೂ ಶುರುವಾಗುವುದು ಅದು ದಡಕ್ಕೆ ಹತ್ತಿರವಾದಾಗ.

ನೀರಿನೊಳಗೆ ತಂತಿ ಎಳೆಯುವ ಪ್ರಯೋಗ ನಮ್ಮ ನೆಲದಲ್ಲೇ ಬಹಳ ಬೇಗ ನಡೆದಿತ್ತು. 1839ರಲ್ಲಿ ಕಲ್ಕತ್ತೆಯ ವೈದ್ಯ ವಿಲಿಯಂ ಓಶಾನೆಸಿ ಟಾರು ಬಳಿದ ನೂಲು ಮತ್ತು ಬೆತ್ತದ ಸೀಳುಗಳನ್ನು ಸುತ್ತಿದ ತಂತಿಯನ್ನು ಹೂಗ್ಲಿ ನದಿಯ ಅಡಿಯಲ್ಲಿ ಹಾಯಿಸಿ ಸಂಕೇತ ಕಳುಹಿಸಿದ್ದರು. ಸಮುದ್ರಕ್ಕೆ ಬೆತ್ತ ಸಾಲದು. ಮಲಯ ಕಾಡುಗಳ ಮರದ ಹಾಲಿನಿಂದ ತೆಗೆದ ಗಟ್ಟಾಪರ್ಚಾ ಬಂದ ಮೇಲೆಯೇ ಉಪ್ಪುನೀರನ್ನು ತಂತಿಯಿಂದ ದೂರ ಇಡುವುದು ಸಾಧ್ಯವಾಯಿತು. 1850ರಲ್ಲಿ ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವೆ ಗಟ್ಟಾಪರ್ಚಾ ಹೊದಿಸಿದ ಬರಿಯ ತಾಮ್ರದ ತಂತಿಯನ್ನು ಇಳಿಸಿದರು. ಒಂದು ದಿನ ಬಾಳಿದ್ದೇ ಹೆಚ್ಚು. ಮರುವರ್ಷ ಕಬ್ಬಿಣದ ಸರಿಗೆಗಳ ಕವಚ ತೊಡಿಸಿದ ಮೇಲೆ ಕೇಬಲ್ ನಿಂತಿತು.

ಭಾರತಕ್ಕೆ ತಂತಿ ಎಳೆಯುವ ಆತುರ ಬ್ರಿಟಿಷರಿಗೆ ಹತ್ತಿದ್ದು 1857ರ ಬಂಡಾಯದ ನಂತರ. ಮೀರತ್‌ನಲ್ಲಿ ಸಿಪಾಯಿಗಳು ಎದ್ದ ಸುದ್ದಿ ಲಂಡನ್ ಮುಟ್ಟಲು ವಾರಗಟ್ಟಲೆ ಹಿಡಿದಿತ್ತು. ಗಡಿಬಿಡಿಯಲ್ಲಿ ಸೂಯೆಜ್‌ನಿಂದ ಏಡನ್ ದಾಟಿ ಕರಾಚಿಯವರೆಗೆ ಕೆಂಪು ಸಮುದ್ರದ ಕೇಬಲ್ ಹಾಕಿದರು. ತೆಳ್ಳಗಿನ ಕವಚದ ಆ ತಂತಿಯನ್ನು ಸಡಿಲ ಬಿಡದೆ ಬಿಗಿಯಾಗಿ ಎಳೆದುಬಿಟ್ಟಿದ್ದರಿಂದ ಹವಳದ ದಿಬ್ಬಗಳ ನಡುವೆ ಅದು ತೂಗಾಡಿತು, ಮೈಮೇಲೆ ಚಿಪ್ಪುಜೀವಿಗಳು ಬೆಳೆದು ಭಾರಕ್ಕೆ ಹರಿಯಿತು. 1860ರಲ್ಲಿ ಕರಾಚಿಯ ತುದಿ ದಡ ಮುಟ್ಟುವ ಹೊತ್ತಿಗೆ ಹಿಂದಿನ ಭಾಗಗಳು ಸತ್ತಿದ್ದವು. ಸರ್ಕಾರ ಮಾತ್ರ ಹೂಡಿಕೆದಾರರಿಗೆ ವರ್ಷಕ್ಕೆ 36,000 ಪೌಂಡ್‌ನಂತೆ 50 ವರ್ಷ ಕೊಡುವುದಾಗಿ ಮೊದಲೇ ಬರೆದುಕೊಟ್ಟಿತ್ತು. ಒಂದೇ ಒಂದು ಸಂದೇಶವನ್ನೂ ತುದಿಯಿಂದ ತುದಿಗೆ ಮುಟ್ಟಿಸದ ಕೇಬಲ್‌ಗೆ ಇಪ್ಪತ್ತನೆಯ ಶತಮಾನದವರೆಗೂ ಖಜಾನೆಯಿಂದ ಹಣ ಹೋಗುತ್ತಲೇ ಇತ್ತು. ಸರ್ಕಾರಿ ಖಾತರಿಯ ಯೋಜನೆಗಳು ಇಂದೂ ಹೀಗೇ ಎಂದು ಗೊಣಗುವವರಿಗೆ ಇದೊಂದು ಸಮಾಧಾನ.

ಕಡಲ ದಾರಿ ಕೊನೆಗೆ ಕೈಗೂಡಿದ್ದು 1870ರಲ್ಲಿ. ಮ್ಯಾಂಚೆಸ್ಟರಿನ ಹತ್ತಿ ವ್ಯಾಪಾರಿ ಜಾನ್ ಪೆಂಡರ್ ಹಲವು ಕಂಪನಿಗಳನ್ನು ಕಟ್ಟಿ ಲಂಡನ್–ಬಾಂಬೆ ದಾರಿಯನ್ನು ತುಂಡುತುಂಡಾಗಿ ಜೋಡಿಸಿದರು. ಆ ಕಾಲದ ಅತಿದೊಡ್ಡ ಹಡಗು ಗ್ರೇಟ್ ಈಸ್ಟರ್ನ್ ಫೆಬ್ರವರಿಯಲ್ಲಿ ಬಾಂಬೆಯಿಂದ ಹೊರಟು ಏಡನ್‌ವರೆಗೆ ಕೇಬಲ್ ಬಿಡುತ್ತಾ ಸಾಗಿತು. ಬಿಸಿಲಿಗೆ ಗಟ್ಟಾಪರ್ಚಾ ಮೆತ್ತಗಾಗಬಾರದೆಂದು ಹಡಗಿನ ಮೈಗೆ ಬಿಳಿ ಬಣ್ಣ ಬಳಿದಿದ್ದರು. ಬ್ರಿಟನ್ನಿನ ತುದಿ ಎಲ್ಲಿ ದಡ ಹತ್ತಬೇಕು ಎಂಬುದು ಇಲ್ಲಿ ಗಮನಿಸಬೇಕಾದ ಸಂಗತಿ. ಆ ತುಂಡನ್ನು ಹಾಕಿದ ಕಂಪನಿಯ ಹೆಸರಿನಲ್ಲೇ ಫಾಲ್ಮತ್ ಎಂಬ ಬಂದರು ಇತ್ತು. ಆದರೆ ಬಂದರೆಂದರೆ ಹಡಗುಗಳು, ಹಡಗೆಂದರೆ ಲಂಗರು, ಲಂಗರೆಂದರೆ ಹರಿದ ಕೇಬಲ್. ಹಾಗಾಗಿ ಅದನ್ನು ಬಿಟ್ಟು ಕಾರ್ನ್‌ವಾಲ್‌ನ ಮೂಲೆಯಲ್ಲಿ ಬಂಡೆಗಳ ನಡುವೆ ಅಡಗಿದ್ದ ಪೋರ್ತ್‌ಕರ್ನೋ ಎಂಬ ಸಣ್ಣ ಮರಳುಕೊಲ್ಲಿಯನ್ನು ಆರಿಸಿದರು. ಜೂನ್ 23ರ ರಾತ್ರಿ ಪೆಂಡರ್ ತಮ್ಮ ಲಂಡನ್ ಮನೆಯಲ್ಲಿ ಗಣ್ಯರನ್ನು ಕರೆದು ಔತಣ ಕೊಟ್ಟರು. ಅಲ್ಲಿಂದ ಕಳುಹಿಸಿದ ಸಂದೇಶಕ್ಕೆ ಬಾಂಬೆಯಿಂದ ಕೆಲವೇ ನಿಮಿಷಗಳಲ್ಲಿ ಉತ್ತರ ಬಂತು. ಅದರ ಬೆನ್ನಿಗೇ ಮದ್ರಾಸಿನಿಂದ ಪೆನಾಂಗ್, ಸಿಂಗಪುರದ ಕಡೆಗೂ ಕೇಬಲ್ ಹೋಯಿತು.

ಪಶ್ಚಿಮಕ್ಕೆ ಬಾಂಬೆ, ಪೂರ್ವಕ್ಕೆ ಮದ್ರಾಸ್. ಅಂದು ಎಳೆದ ಈ ಗೆರೆ ಇಂದಿಗೂ ಅಳಿಸಿಲ್ಲ. ಒಮ್ಮೆ ಕೇಬಲ್ ಬಂದ ಊರಿಗೆ ಒಳನಾಡಿನ ತಂತಿಗಳೂ ಬಂದು ಸೇರುತ್ತವೆ, ಕಚೇರಿ ಏಳುತ್ತದೆ, ಕೆಲಸ ಬಲ್ಲ ಜನ ನೆಲೆಸುತ್ತಾರೆ; ಮುಂದಿನ ಕೇಬಲ್ ಹಾಕುವವನಿಗೆ ಬೇರೆ ಊರು ಹುಡುಕುವ ಅಗತ್ಯವೇ ಬೀಳುವುದಿಲ್ಲ. ಪೋರ್ತ್‌ಕರ್ನೋ ಹೀಗೆಯೇ ಬೆಳೆದು ಒಂದು ಕಾಲಕ್ಕೆ 14 ಕೇಬಲ್‌ಗಳ ನೆಲೆಯಾಯಿತು. ಎರಡನೆಯ ಮಹಾಯುದ್ಧದಲ್ಲಿ ಅಲ್ಲಿನ ಗಣಿ ಕಾರ್ಮಿಕರನ್ನು ಕರೆಸಿ ಬಂಡೆಯೊಳಗೆ ಸುರಂಗ ಕೊರೆಸಿ ಯಂತ್ರಗಳನ್ನು ಬಚ್ಚಿಟ್ಟರು. 1997ರಲ್ಲಿ ಬ್ರಿಟನ್‌ನಿಂದ ಮುಂಬೈ ಮೂಲಕ ಜಪಾನಿಗೆ ಹೋಗುವ ಫ್ಲ್ಯಾಗ್ ಎಂಬ ಆಪ್ಟಿಕಲ್ ಫೈಬರ್ ಕೇಬಲ್ ಹಾಕಿದಾಗ ಅದರ ಬ್ರಿಟಿಷ್ ತುದಿ ದಡ ಹತ್ತಿದ್ದು ಎಲ್ಲಿ ಅಂದುಕೊಂಡಿರಿ? ಅದೇ ಪೋರ್ತ್‌ಕರ್ನೋದಲ್ಲಿ.

ನಡುವೆ ಒಂದು ದೀರ್ಘ ಮಂಪರಿನ ಕಾಲವೂ ಇತ್ತು. ರೇಡಿಯೋ ಬಂತು, ಆಮೇಲೆ ಉಪಗ್ರಹ ಬಂತು. ಕೇಬಲ್ ಕಂಪನಿಗಳು ಕೈಬದಲಾದವು. ಸ್ವಾತಂತ್ರ್ಯ ಬಂದ ವರ್ಷ ಭಾರತದ ವಿದೇಶ ಸಂಪರ್ಕ ಸರ್ಕಾರದ ವಶವಾಯಿತು. 1980ರ ದಶಕದಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದು ಅಮೆರಿಕಕ್ಕೆ ದತ್ತಾಂಶ ಕಳುಹಿಸಿದ್ದು ಡಿಶ್ ಆಂಟೆನಾ ಮೂಲಕ. ಬೆಂಗಳೂರು ಸಮುದ್ರವಿಲ್ಲದೆಯೂ ಸಾಫ್ಟ್‌ವೇರ್ ನಗರವಾದದ್ದರ ಹಿಂದೆ ಈ ಆಂಟೆನಾಗಳ ಪಾತ್ರ ಚಿಕ್ಕದಲ್ಲ. ಫೈಬರ್ ಬಂದ ಮೇಲೆ ಚಿತ್ರ ತಿರುವುಮುರುವಾಯಿತು. ಕೂದಲೆಳೆಯಂಥ ಗಾಜಿನ ದಾರದಲ್ಲಿ ಹೋಗುವ ಬೆಳಕಿನ ಸಾಮರ್ಥ್ಯಕ್ಕೆ ಉಪಗ್ರಹ ಎಲ್ಲಿ ಸಾಟಿ?

ಆಗಲೇ ದಡದ ಬೆಲೆ ಮತ್ತೆ ಏರಿದ್ದು. ವಿದೇಶ ಸಂಪರ್ಕದ ಏಕಸ್ವಾಮ್ಯ 1986ರಿಂದ ಸರ್ಕಾರಿ ಸಂಸ್ಥೆ ವಿಎಸ್‌ಎನ್‌ಎಲ್ ಕೈಯಲ್ಲಿತ್ತು. 2002ರಲ್ಲಿ ಸರ್ಕಾರ ಆ ಸಂಸ್ಥೆಯ ಆಡಳಿತವನ್ನು ಟಾಟಾ ಸಮೂಹಕ್ಕೆ ಬಿಟ್ಟುಕೊಟ್ಟಿತು. ಏಕಸ್ವಾಮ್ಯ ಹೋಯಿತು, ಲ್ಯಾಂಡಿಂಗ್ ಸ್ಟೇಷನ್‌ಗಳು ಅದರ ಬಳಿಯೇ ಉಳಿದವು. ಕೇಬಲ್ ಒಬ್ಬರದು, ಅದು ಬಂದು ಸೇರುವ ಕಟ್ಟಡ ಇನ್ನೊಬ್ಬರದು. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಪರಿಸ್ಥಿತಿ. ಫ್ಲ್ಯಾಗ್‌ನ ಸಾಮರ್ಥ್ಯ ಹೆಚ್ಚಿಸಲು ಮುಂಬೈ ನಿಲ್ದಾಣದಲ್ಲಿ ಅವಕಾಶ ಸಿಗುತ್ತಿಲ್ಲ ಎಂಬ ಜಗಳ ಅಂತರರಾಷ್ಟ್ರೀಯ ಮಧ್ಯಸ್ಥಿಕೆ ನ್ಯಾಯಮಂಡಳಿಯವರೆಗೆ ಹೋಗಿ, 2006ರಲ್ಲಿ ಫ್ಲ್ಯಾಗ್ ಪರವಾಗಿ ತೀರ್ಪು ಬಂತು. 2007ರಲ್ಲಿ ಟ್ರಾಯ್ ನಿಯಮ ತಂದು, ನಿಲ್ದಾಣದ ಮಾಲೀಕರು ಎಲ್ಲ ಅರ್ಹ ಕಂಪನಿಗಳಿಗೂ ಬಾಗಿಲು ತೆರೆಯಬೇಕು ಎಂದಿತು. ಶುಲ್ಕ ಎಷ್ಟಿರಬೇಕೆಂಬ ವ್ಯಾಜ್ಯ ಮಾತ್ರ ಮದ್ರಾಸ್ ಹೈಕೋರ್ಟು, ಸುಪ್ರೀಂ ಕೋರ್ಟು ಎಂದು ವರ್ಷಗಟ್ಟಲೆ ಎಳೆಯಿತು. ಸಮುದ್ರದ ಸಾವಿರಾರು ಕಿಲೋಮೀಟರ್ ದಾಟಿ ಬಂದ ಬೆಳಕು ಕೊನೆಯ ಕೆಲವು ಮೀಟರ್‌ಗಳಲ್ಲಿ ಸುಂಕದ ಕಟ್ಟೆಗೆ ಸಿಕ್ಕಿಕೊಂಡಿತ್ತು.

ಕೇಬಲ್ ದಡ ಹತ್ತುವ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ದೊಡ್ಡ ಹಡಗು ದಡದವರೆಗೆ ಬರಲಾರದು, ಆಳ ಸಾಲದು. ಅದು ದೂರದಲ್ಲೇ ನಿಂತು ಕೇಬಲ್‌ನ ತುದಿಯನ್ನು ಬಿಡುತ್ತದೆ. ಮುಳುಗದಿರಲಿ ಎಂದು ಕೇಬಲ್‌ಗೆ ಉದ್ದಕ್ಕೂ ಗಾಳಿ ತುಂಬಿದ ಬುಗ್ಗೆಗಳನ್ನು ಕಟ್ಟಿರುತ್ತಾರೆ. ದಡದಲ್ಲಿ ನಿಂತ ಯಂತ್ರ ಹಗ್ಗದಿಂದ ಎಳೆಯುತ್ತದೆ. ತುದಿ ಮರಳು ಮುಟ್ಟಿದ ಮೇಲೆ ಮುಳುಗುಗಾರರು ಬುಗ್ಗೆಗಳನ್ನು ಒಂದೊಂದಾಗಿ ಕತ್ತರಿಸುತ್ತಾ ಹೋಗುತ್ತಾರೆ, ಕೇಬಲ್ ನಿಧಾನವಾಗಿ ತಳಕ್ಕೆ ಕೂರುತ್ತದೆ. ಅಲೆ ಹೊಡೆಯುವ ಭಾಗಕ್ಕೆ ಎರಕದ ಕಬ್ಬಿಣದ ಕೊಳವೆ ತೊಡಿಸುತ್ತಾರೆ. ಆಳ ಸಮುದ್ರದಲ್ಲಿ ಕೇಬಲ್ ತೋಟಕ್ಕೆ ನೀರು ಹಾಯಿಸುವ ಪೈಪಿನಷ್ಟು ಮಾತ್ರ ದಪ್ಪ. ದಡದ ಬಳಿ ಉಕ್ಕಿನ ಸರಿಗೆಗಳ ಎರಡು ಸುತ್ತು ಕವಚ ಸೇರಿ ದುಪ್ಪಟ್ಟಿಗೂ ಮಿಕ್ಕಿರುತ್ತದೆ. ಮರಳಿನಲ್ಲಿ ಹೂತ ಕಾಂಕ್ರೀಟ್ ಮ್ಯಾನ್‌ಹೋಲ್ ಒಂದರಲ್ಲಿ ಕಡಲ ಕೇಬಲ್ ಮುಗಿದು ನೆಲದ ಕೇಬಲ್ ಶುರುವಾಗುತ್ತದೆ. ಮುಚ್ಚಳ ಹಾಕಿ ಮರಳು ಎಳೆದರೆ ಮುಗಿಯಿತು, ಮೇಲೆ ಮಕ್ಕಳು ಕ್ರಿಕೆಟ್ ಆಡಬಹುದು. ಅಲ್ಲಿಂದ ಒಳಗಿರುವ ಲ್ಯಾಂಡಿಂಗ್ ಸ್ಟೇಷನ್ ಬೆಳಕಿನ ಸಂಕೇತಗಳನ್ನು ಬಿಡಿಸುವುದರ ಜೊತೆಗೆ ಇನ್ನೊಂದು ಕೆಲಸ ಮಾಡುತ್ತದೆ: ಸಾವಿರಾರು ವೋಲ್ಟ್‌ನ ನೇರ ವಿದ್ಯುತ್ತನ್ನು ಕೇಬಲ್‌ನೊಳಗೆ ತಳ್ಳುತ್ತದೆ. ಕಡಲಡಿಯಲ್ಲಿ ಸುಮಾರು 60ರಿಂದ 100 ಕಿಲೋಮೀಟರ್‌ಗೊಮ್ಮೆ ಕೂತು ಸಂಕೇತಕ್ಕೆ ಮತ್ತೆ ಬಲ ತುಂಬುವ ರಿಪೀಟರ್‌ಗಳು ಬದುಕುವುದು ದಡದಿಂದ ಹೋಗುವ ಆ ವಿದ್ಯುತ್ತಿನಿಂದ.

ವಿದ್ಯುತ್ತನ್ನೇ ಸಾಗಿಸುವ ಕೇಬಲ್‌ಗಳ ದಾರಿ ಬೇರೆ. ಪರ್ಯಾಯ ವಿದ್ಯುತ್ತನ್ನು ನೀರಿನಡಿಯ ಕೇಬಲ್‌ನಲ್ಲಿ ಬಹುದೂರ ಕಳುಹಿಸಿದರೆ ಕೇಬಲ್ ತಾನೇ ವಿದ್ಯುತ್ತನ್ನು ಹಿಡಿದಿಡುವ ಒಂದು ಕೆಪಾಸಿಟರ್‌ನಂತೆ ವರ್ತಿಸಿ, ಅದನ್ನು ತುಂಬಿಸಿ ಖಾಲಿ ಮಾಡುವುದರಲ್ಲೇ ಸಾಮರ್ಥ್ಯವೆಲ್ಲ ಸೋರಿಹೋಗುತ್ತದೆ. ಹಾಗಾಗಿ ದೂರದ ಕೇಬಲ್‌ಗಳಿಗೆ ನೇರ ವಿದ್ಯುತ್ತೇ ಬೇಕು, ಎರಡೂ ದಡಗಳಲ್ಲಿ ಅದನ್ನು ಪರಿವರ್ತಿಸುವ ದೊಡ್ಡ ಕೇಂದ್ರಗಳು ಬೇಕು. 1954ರಲ್ಲಿ ಸ್ವೀಡನ್ ತನ್ನ ಗೋಟ್‌ಲ್ಯಾಂಡ್ ದ್ವೀಪಕ್ಕೆ 20 ಮೆಗಾವಾಟ್‌ನ ಇಂಥ ಕೇಬಲ್ ಎಳೆಯಿತು. 1961ರಲ್ಲಿ ಇಂಗ್ಲೆಂಡ್–ಫ್ರಾನ್ಸ್ ಕೇಬಲ್ ಬಂತು. ಸಮುದ್ರತಳದ ಮೇಲೆ ಹಾಗೇ ಬಿಟ್ಟಿದ್ದರಿಂದ ಲಂಗರು, ಬಲೆಗಳಿಗೆ ಸಿಕ್ಕಿ ಪದೇಪದೇ ಕೆಟ್ಟಿತು. 1986ರಲ್ಲಿ 2,000 ಮೆಗಾವಾಟ್‌ನ ಹೊಸದನ್ನು ಹಾಕುವಾಗ ತಳದಲ್ಲಿ ಕಾಲುವೆ ತೋಡಿ ಹೂತರು. ನಮ್ಮಲ್ಲಿ ಕಡಲಡಿಯ ವಿದ್ಯುತ್ ಕೇಬಲ್‌ನ ನೆನಪಿಡಬೇಕಾದ ಉದಾಹರಣೆ ಮುಂಬೈ ಬಂದರಿನೊಳಗೇ ಇದೆ. ಎಲಿಫೆಂಟಾ ಗುಹೆಗಳಿರುವ ಘಾರಾಪುರಿ ದ್ವೀಪದ ಮೂರು ಹಳ್ಳಿಗಳಿಗೆ ವಿದ್ಯುತ್ ಬಂದದ್ದು 2018ರಲ್ಲಿ, ಸುಮಾರು 7.5 ಕಿಲೋಮೀಟರ್ ಉದ್ದದ ಕಡಲಡಿಯ ಕೇಬಲ್ ಮೂಲಕ. ಅಲ್ಲಿಯವರೆಗೆ ಸಂಜೆ ಕೆಲವು ಗಂಟೆ ಡೀಸೆಲ್ ಜನರೇಟರ್, ಆಮೇಲೆ ಕತ್ತಲೆ. ಎದುರುಗಡೆ ಮುಂಬೈ ಇಡೀ ರಾತ್ರಿ ಹೊಳೆಯುತ್ತಿತ್ತು. ಬಾಂಬೆಗೆ ಲಂಡನ್ನಿನ ತಂತಿ ಬಂದು ಅಷ್ಟೊತ್ತಿಗೆ 148 ವರ್ಷವಾಗಿತ್ತು.

ಇನ್ನು ಕೇಬಲ್‌ಗಳು ಹರಿಯುವ ವಿಚಾರ. ಶಾರ್ಕ್ ಕಚ್ಚಿತು ಎಂಬುದು ಓದಲು ಸ್ವಾರಸ್ಯವಾದ ಸುದ್ದಿ, ಲೆಕ್ಕದಲ್ಲಿ ಅದರ ಪಾಲು ಇಲ್ಲವೆಂಬಷ್ಟು ಕಡಿಮೆ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 150ರಿಂದ 200 ಕೇಬಲ್‌ಗಳು ಕೆಡುತ್ತವೆ, ಬಹುಪಾಲಿಗೆ ಮೀನುಗಾರಿಕೆ ಮತ್ತು ಲಂಗರುಗಳೇ ಕಾರಣ, ಅದೂ ದಡದ ಸಮೀಪದ ಕಡಿಮೆ ಆಳದ ನೀರಿನಲ್ಲಿ. 2008ರ ಜನವರಿ ಕೊನೆಯಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾ ಬಳಿ ಎರಡು ಕೇಬಲ್ ಒಟ್ಟಿಗೆ ತುಂಡಾಗಿ ಭಾರತದ ಇಂಟರ್‌ನೆಟ್ ಅರ್ಧಕ್ಕರ್ಧ ಕುಸಿದಾಗ ಬೆಂಗಳೂರಿನ ಕಂಪನಿಗಳು ಪೆಸಿಫಿಕ್ ಕಡೆಯ ದಾರಿ ಹುಡುಕಿ ಪರದಾಡಿದ್ದವು. 2024ರಲ್ಲಿ ಕೆಂಪು ಸಮುದ್ರದಲ್ಲಿ ದಾಳಿಗೊಳಗಾದ ರುಬಿಮಾರ್ ಹಡಗು ಲಂಗರು ಎಳೆದುಕೊಂಡು ತೇಲಿದಾಗ ಮೂರು ಕೇಬಲ್ ಹೋದವು.

ಮೀನುಗಾರರನ್ನು ದೂರುವುದು ಸುಲಭ. ಆದರೆ ಕೇಬಲ್ ಬರುವ ಮೊದಲೇ ಅಲ್ಲಿ ಬಲೆ ಹಾಕುತ್ತಿದ್ದವರು ಅವರು. 1884ರಲ್ಲಿ ಪ್ಯಾರಿಸ್‌ನಲ್ಲಿ ಆದ ಕಡಲ ಕೇಬಲ್ ಒಪ್ಪಂದ ಇದನ್ನು ಅರಿತಿತ್ತು. ಕೇಬಲ್‌ಗೆ ಸಿಕ್ಕಿಕೊಂಡ ಬಲೆಯನ್ನೋ ಲಂಗರನ್ನೋ ಕೇಬಲ್ ಹರಿಯದಿರಲೆಂದು ಕಡಿದು ಬಿಟ್ಟುಬಂದವನಿಗೆ ಕೇಬಲ್ ಮಾಲೀಕ ಪರಿಹಾರ ಕೊಡಬೇಕು ಎಂಬ ವಿಧಿ ಅದರಲ್ಲಿದೆ; ವಿಶ್ವಸಂಸ್ಥೆಯ ಈಗಿನ ಸಮುದ್ರ ಕಾನೂನಿನಲ್ಲೂ ಅದು ಉಳಿದಿದೆ. ನ್ಯಾಯವಾದ ಏರ್ಪಾಡು. ಆದರೆ ಬಲೆ ಸಿಕ್ಕಿದ್ದು ಕೇಬಲ್‌ಗೋ ಬಂಡೆಗೋ ಎಂದು ನಡುಗಡಲಿನಲ್ಲಿ ದೋಣಿಯವನು ಸಾಬೀತು ಮಾಡುವುದು ಹೇಗೆ ಎಂಬುದಷ್ಟೇ ಕಷ್ಟ.

ಕರ್ನಾಟಕದ ಕರಾವಳಿಗೆ ಬಂದರೆ, ಸುಮಾರು 320 ಕಿಲೋಮೀಟರ್ ಉದ್ದದ ಈ ದಂಡೆಯಲ್ಲಿ ಟ್ರಾಯ್ ಲೆಕ್ಕ ಹಾಕಿದಾಗ ಒಂದೂ ಅಂತರರಾಷ್ಟ್ರೀಯ ಕೇಬಲ್ ಇರಲಿಲ್ಲ. ಬೆಂಗಳೂರಿನ ದತ್ತಾಂಶವೆಲ್ಲ ರಸ್ತೆಬದಿಯ ಫೈಬರ್ ಹಿಡಿದು ಮುಖ್ಯವಾಗಿ ಚೆನ್ನೈ ಅಥವಾ ಮುಂಬೈ ಮುಟ್ಟಿ ಕಡಲಿಗಿಳಿಯುತ್ತದೆ. ಶಾರ್ಕ್ ಮಾಡದ ಕೆಲಸವನ್ನು ದಾರಿಯಲ್ಲಿ ಜೆಸಿಬಿ ಮಾಡುತ್ತದೆ. ಮಂಗಳೂರಿನಲ್ಲೊಂದು ಲ್ಯಾಂಡಿಂಗ್ ಸ್ಟೇಷನ್ ಬೇಕೆಂಬ ಬೇಡಿಕೆ ಆಗಾಗ ಏಳುತ್ತದೆ. ಲಕ್ಷದ್ವೀಪದ ಉದಾಹರಣೆ ಇಲ್ಲಿ ಕೊಂಚ ಚುಚ್ಚುತ್ತದೆ: ಆ ದ್ವೀಪಗಳಿಗೆ ತರಕಾರಿ, ಸಿಮೆಂಟು, ಜಲ್ಲಿ ಹೊತ್ತ ಮಂಜಿ ಎಂಬ ಸರಕು ದೋಣಿಗಳು ತಲೆಮಾರುಗಳಿಂದ ಹೊರಡುವುದು ಮಂಗಳೂರಿನ ಹಳೆ ಬಂದರಿನಿಂದ. 2024ರ ಜನವರಿಯಲ್ಲಿ ಉದ್ಘಾಟನೆಯಾದ ಫೈಬರ್ ಕೇಬಲ್ ಹೊರಟದ್ದು ಮಾತ್ರ ಕೊಚ್ಚಿಯಿಂದ. ಕೊಚ್ಚಿಯಲ್ಲಿ ಮೊದಲೇ ನಿಲ್ದಾಣವಿತ್ತು, ಲೆಕ್ಕ ಅಷ್ಟು ಸರಳ.

ಬೇಡಿಕೆ ಇಡುವವರು ಒಂದನ್ನು ಮರೆಯುವಂತಿಲ್ಲ. ಸರ್ಕಾರ ಕಟ್ಟಡ ಕಟ್ಟಿದ ಮಾತ್ರಕ್ಕೆ ಕೇಬಲ್ ಬರುವುದಿಲ್ಲ; ಕೇಬಲ್ ಹಾಕುವ ಗುಂಪುಗಳು ನೋಡುವುದು ಗಿರಾಕಿಗಳನ್ನು, ಡೇಟಾ ಸೆಂಟರ್‌ಗಳನ್ನು, ಅನುಮತಿ ಎಷ್ಟು ತಿಂಗಳಲ್ಲಿ ಸಿಗುತ್ತದೆ ಎಂಬುದನ್ನು. ವಿಶಾಖಪಟ್ಟಣದಲ್ಲಿ ಹೊಸ ಕಡಲ ಕೇಬಲ್ ದ್ವಾರವನ್ನು ಗೂಗಲ್ 2025ರಲ್ಲಿ ಘೋಷಿಸಿದ್ದು ಅಲ್ಲೇ ಕಟ್ಟಲಿರುವ ದೊಡ್ಡ ಡೇಟಾ ಸೆಂಟರ್‌ನ ಜೊತೆಯಲ್ಲಿ. 2023ರ ಜೂನ್‌ನಲ್ಲಿ ಟ್ರಾಯ್ ಮಾಡಿದ ಶಿಫಾರಸುಗಳಲ್ಲಿ ಮಂಗಳೂರಿನಂಥ ಊರುಗಳಿಗೆ ಉಪಯೋಗವಾಗಬಹುದಾದ ಒಂದು ಅಂಶವಿದೆ. ಮ್ಯಾನ್‌ಹೋಲ್‌ನಿಂದ ಸಮುದ್ರದೊಳಕ್ಕೆ ಒಂದಷ್ಟು ದೂರ ತುಂಡು ಕೇಬಲ್‌ಗಳನ್ನು ಮೊದಲೇ ಹಾಕಿಡಲು ಅವಕಾಶ ಕೊಡಿ, ಮುಂದೆ ಬರುವ ಕೇಬಲ್ ಅದಕ್ಕೆ ಜೋಡಿಸಿಕೊಳ್ಳಲಿ ಎಂಬುದು ಅದರ ತಿರುಳು. ಮೀನುಗಾರರ ಜೊತೆಗಿನ ಮಾತುಕತೆ, ಕರಾವಳಿ ನಿಯಂತ್ರಣ ವಲಯದ ಅನುಮತಿ, ಮಳೆಗಾಲಕ್ಕೆ ಮೊದಲು ಮುಗಿಸಬೇಕಾದ ಅಗೆತ, ಈ ತಲೆನೋವುಗಳೆಲ್ಲ ಆಗ ಪ್ರತಿ ಸಲವೂ ಹೊಸದಾಗಿ ಶುರುವಾಗುವುದಿಲ್ಲ. ಅದೇ ಶಿಫಾರಸಿನಲ್ಲಿ ಭಾರತದ ಧ್ವಜದ ಕೇಬಲ್ ದುರಸ್ತಿ ಹಡಗುಗಳು ಬೇಕೆಂಬ ಮಾತೂ ಇತ್ತು. ನಮ್ಮ ಕಡಲಲ್ಲಿ ಕೇಬಲ್ ಹರಿದರೆ ದುರಸ್ತಿಗೆ ವಿದೇಶಿ ಹಡಗು ಬರಬೇಕು, ಅದು ಇಲ್ಲಿ ಕೆಲಸ ಶುರು ಮಾಡುವ ಮೊದಲು ಕಚೇರಿಯಿಂದ ಕಚೇರಿಗೆ ಕಾಗದಗಳು ಓಡಾಡಬೇಕು.